ಹುಟ್ಟುಂಟು, ಹುಟ್ಟುವಳಿ ಇಲ್ಲ

"ಕೇಳಿರಪ್ಪೋ ಕೇಳಿರಿ! ಅಳಿವೆಕೋಟೆಯ ಅರಸರಾದ ಕಾಂತರಸರ ದೋಣಿ ಹಡಗುಗಳ ವರ್ಷದ ಲೆಕ್ಕ ಮುಗಿದಿದೆ. ಕಡಲಾಚೆಗೆ ಪೆಟ್ಟಿಗೆ ಹೊತ್ತು ಹೋಗುವ ಮಚವೆ ಹಡಗುಗಳು ಹಿಂದೆಂದೂ ಕಾಣದ ಲಾಭ ತಂದಿವೆ. ಹೊಳೆ ದಾಟಿಸುವ ತಾರಿ ಈ ವರ್ಷವೂ ನಷ್ಟವನ್ನೇ ತಂದಿದೆ. ಆದ್ದರಿಂದ ಇಂದಿನಿಂದ ತಾರಿ ಬಂದ್. ಇದು ತಪ್ಪು ಎನ್ನುವವರು ಆಸ್ಥಾನಕ್ಕೆ ಬಂದು ಅರಸರ ಮೂರು ಒಗಟು ಬಿಡಿಸಲಿ. ಬಿಡಿಸಿದವರ ಮಾತಿನಂತೆ ತಾರಿ ನಡೆಯುತ್ತದೆ, ಬಂದರದ ಅಧಿಕಾರವೂ ಅವರಿಗೇ. ಬಿಡಿಸಲಾರದವರ ತಲೆ ಅರಸರಿಗೆ."

ಡಂಗುರದವನು ಇದನ್ನು ಈಚೆ ದಡದಲ್ಲಷ್ಟೇ ಸಾರಿದ. ಆಚೆ ದಡಕ್ಕೆ ಹೋಗಲು ತಾರಿಯೇ ಇರಲಿಲ್ಲವಲ್ಲ.

ಆಚೆ ದಡದ ಹೆಸರು ಉಪ್ಪಿನದಡ. ಎಲ್ಲಿ ನೋಡಿದರೂ ಕಡಲ ನೀರು ಕಟ್ಟಿ ಉಪ್ಪು ಬೆಳೆಯುವ ಆಗರ. ಬಾವಿ ತೋಡಿದರೂ ಉಪ್ಪುನೀರೇ. ಕುಡಿಯುವ ನೀರು ಈಚೆಯಿಂದ ಕೊಡಗಳಲ್ಲಿ ತುಂಬಿ ತಾರಿಯಲ್ಲೇ ಬರಬೇಕು. ಮರಳುವಾಗ ಅದೇ ತಾರಿ ಉಪ್ಪು ಹೊತ್ತು ತರುತ್ತಿತ್ತು. ನೀರಿಗೂ ಉಪ್ಪಿಗೂ ತಾರಿಯಲ್ಲಿ ಕೂಲಿ ಕೇಳಬಾರದು ಎಂಬುದು ಹಿಂದಿನಿಂದ ಬಂದ ಕಟ್ಟಳೆ. ಡಂಗುರ ಕೇಳಿಸದ ಆ ಊರಿಗೆ ವಿಷಯ ತಿಳಿದದ್ದು ನೀರು ಬಾರದೆ ಹೋದಾಗ. ಕೊನೆಯ ಕೊಡದ ತಳ ಕಂಡ ಬೆಳಿಗ್ಗೆ, ಆಗರದಲ್ಲಿ ಉಪ್ಪು ಎಳೆಯುವ ಜಟ್ಟು ಎಂಬ ಹುಡುಗ ಹೊಳೆಗೆ ಹಾರಿ ಈಜಿಕೊಂಡೇ ಬಂದ. ಈಚೆ ದಡದಲ್ಲಿ ಡಂಗುರದ ಮಾತು ಕೇಳಿ ತಿಳಿದುಕೊಂಡು, ಒದ್ದೆ ಪಂಚೆಯಲ್ಲೇ ಆಸ್ಥಾನದ ಬಾಗಿಲಿಗೆ ಬಂದವನನ್ನು ಕಾವಲುಗಾರರು ಮೂಸಿ ನೋಡಿ, ಮೀನು ಮಾರುವವರ ಬಾಗಿಲು ಹಿಂದುಗಡೆ ಎಂದರು. ತಲೆ ಕೊಡಲು ಬಂದಿದ್ದೇನೆ ಎಂದ ಮೇಲೆ ಒಳಗೆ ಬಿಟ್ಟರು.

ಒಳಗೆ ಆಗಲೇ ಇಬ್ಬರಿದ್ದರು. ಒಬ್ಬ ಜವಳಿ ಸೆಟ್ಟಿಯ ಮಗ ಶಾಂತಪ್ಪ, ಇನ್ನೊಬ್ಬ ವಾಸುದೇವ ಪಂಡಿತ. ಇಬ್ಬರೂ ಬಂದದ್ದು ಬಂದರದ ಅಧಿಕಾರಕ್ಕೆ. ತಾರಿ ನಡೆದರೂ ನಿಂತರೂ ಅವರಿಗೆ ಒಂದೇ.

ಕಾಂತರಸ ಮೂವರನ್ನೂ ಸಾಲಾಗಿ ನಿಲ್ಲಿಸಿ ಮೊದಲ ಒಗಟು ಹೇಳಿದ. "ಹೊಟ್ಟೆ ತುಂಬಿದರೆ ನೀರಿನ ಮೇಲೆ ನೆಟ್ಟಗಿರುತ್ತದೆ, ಹಸಿದರೆ ಮಗುಚುತ್ತದೆ. ಏನದು?"

ಶಾಂತಪ್ಪ ಮುನ್ನುಗ್ಗಿ ಕೊಡ ಎಂದ. ತುಂಬಿದ ಕೊಡ ಮುಳುಗುತ್ತದೆ ಎಂಬುದು ಅವನಿಗೆ ಹೊಳೆದಾಗ ಕಾವಲುಗಾರರ ಕೈ ಹೆಗಲ ಮೇಲಿತ್ತು. ಸಂಜೆಯ ಶಿಕ್ಷೆಗೆಂದು ಅವನನ್ನು ಪಕ್ಕದ ಕೋಣೆಗೆ ತಳ್ಳಿದರು. ಪಂಡಿತನೂ ಜಟ್ಟುವೂ ಒಟ್ಟಿಗೇ ಮಚವೆ ಎಂದರು. ಸರಕಿಲ್ಲದೆ ಕಡಲಿಗಿಳಿದ ಮಚವೆ ಒಂದು ಗಾಳಿಗೆ ಅಡ್ಡ ಬೀಳುತ್ತದೆ ಎಂದು ಜಟ್ಟು ಸೇರಿಸಿದ.

"ಎರಡನೆಯದು," ಎಂದ ಅರಸ. "ನನ್ನ ರಾಜ್ಯದಲ್ಲಿ ಒಬ್ಬಳಿದ್ದಾಳೆ. ದಿನವೂ ಅವಳಿಗೆ ಹುಟ್ಟುಂಟು, ಹುಟ್ಟುವಳಿ ಇಲ್ಲ. ಯಾರು ಅವಳು?"

ಪಂಡಿತ ಕಣ್ಣು ಮುಚ್ಚಿ ಉಷೆ ಎಂದ. ಉಷಾದೇವಿ ದಿನವೂ ಹುಟ್ಟುತ್ತಾಳೆ, ಆದರೆ ಬೊಕ್ಕಸಕ್ಕೆ ಏನನ್ನೂ ತರುವುದಿಲ್ಲ ಎಂದು ಶ್ಲೋಕದ ಸಮೇತ ವಿವರಿಸಿದ. ಸಭೆ ತಲೆದೂಗಿತು. ಅರಸ ಮಾತ್ರ ಅಲ್ಲವೆಂದು ತಲೆಯಾಡಿಸಿ ಪಕ್ಕದ ಕೋಣೆ ತೋರಿಸಿದ.

ಜಟ್ಟುವಿಗೆ ಪಂಡಿತನ ಬಗ್ಗೆ ಪಾಪ ಅನ್ನಿಸಿತು. ತನ್ನ ಊರಿನಲ್ಲಿ ಹುಟ್ಟು ಎಂದರೆ ಕೈಯಲ್ಲಿ ಹಿಡಿದು ನೀರು ತಳ್ಳುವ ಕೋಲು, ಹುಟ್ಟು ಹಾಕಿಸಿಕೊಳ್ಳುವವಳು ತಾರಿ ಎಂದ. "ಆದರೆ ಹುಟ್ಟುವಳಿ ಇಲ್ಲ ಅಂದಿರಲ್ಲ ಒಡೆಯಾ, ಅದು ಸುಳ್ಳು."

ಅರಸ ಹಲ್ಲು ಕಡಿದುಕೊಂಡು ಮೂರನೆಯದನ್ನು ಕೇಳಿದ. "ನನ್ನ ಹಟ್ಟಿಯಲ್ಲಿ ಎರಡು ರಾಸು. ಒಂದು ಕೊಡ ತುಂಬ ಹಾಲು ಕೊಡುತ್ತದೆ. ಇನ್ನೊಂದು ಮೇವು ಮುಗಿಸುತ್ತದೆ, ಹಾಲು ತೊಟ್ಟೂ ಇಲ್ಲ. ಯಾವುದನ್ನು ಅಟ್ಟಲಿ?"

"ಆ ಎರಡನೆಯದಕ್ಕೆ ಕೆಚ್ಚಲು ಉಂಟಾ, ಒಡೆಯಾ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ಕೆಮ್ಮಿದರು.

"ಅದು ಎತ್ತು. ಹಸುವಿಗೆ ಹುಲ್ಲು ಎಳೆದು ತರೋದು ಅದೇ. ಎತ್ತಿನ ಹತ್ತಿರ ಹಾಲು ಕೇಳಿದವನದ್ದು ತಪ್ಪು, ಎತ್ತಿನದ್ದಲ್ಲ."

ತಾನು ಇಟ್ಟುಕೊಂಡ ಉತ್ತರ ಅದಲ್ಲ, ಹಾಲಿಲ್ಲದ್ದನ್ನು ಅಟ್ಟಬೇಕು ಎಂಬುದೇ ಉತ್ತರ ಎಂದು ಅರಸ ಗುಡುಗಿದ.

ಜಟ್ಟುವಿನ ತುಟಿ ಬಾಯಾರಿಕೆಗೆ ಒಡೆದಿತ್ತು. ಅವನು ದನಿ ಏರಿಸಲಿಲ್ಲ. "ಹಾಗಾದರೆ ಅದು ಒಗಟಲ್ಲ ಒಡೆಯಾ, ಅಪ್ಪಣೆ. ಅಪ್ಪಣೆ ಕೊಡೋದಕ್ಕೆ ನಮ್ಮ ತಲೆ ಯಾಕೆ ಪಣ? ನಿಮ್ಮ ಮಚವೆಯ ಪೆಟ್ಟಿಗೆಯಲ್ಲಿ ಏನಿದೆ ಅಂತ ಒಂದು ಸಲ ಕೇಳಿ."

ಅರಸ ಬಂದರದ ಅಧಿಕಾರಿಯತ್ತ ತಿರುಗಿದ. ಪೆಟ್ಟಿಗೆಗಳಲ್ಲಿರುವುದು ಉಪ್ಪು ಎಂದು ಅವನು ಹೇಳಿದ. ಎಲ್ಲಿಯದು ಎಂದು ಕೇಳಿದರೆ ಉಪ್ಪಿನದಡದ್ದು ಎಂದ. ಇಲ್ಲಿಗೆ ಹೇಗೆ ಬರುತ್ತದೆ ಎಂದದ್ದಕ್ಕೆ ನೆಲ ನೋಡುತ್ತಾ, "ತಾರಿಯಲ್ಲಿ, ಪ್ರಭು," ಎಂದ.

"ಅದರ ಕೂಲಿ ಎಲ್ಲಿ ಬರೆದಿದ್ದೀಯ?"

"ಕೂಲಿ ಇಲ್ಲ ಪ್ರಭು. ನೀರಿಗೂ ಉಪ್ಪಿಗೂ ಕೂಲಿ ಬೇಡ ಅಂತ ತಮ್ಮ ಅಜ್ಜನವರೇ ಕಟ್ಟಳೆ ಮಾಡಿದ್ದು."

"ನಾವು ಆ ನೀರು ಕುಡಿದು ಉಪ್ಪು ಎಳೀತೇವೆ," ಎಂದ ಜಟ್ಟು. "ತಾರಿ ಅದನ್ನು ಬಿಟ್ಟಿ ಹೊತ್ತು ತಂದು ನಿಮ್ಮ ಮಚವೆಯ ಹೊಟ್ಟೆ ತುಂಬಿಸ್ತದೆ. ಲಾಭ ಬಂದಾಗ ಮಚವೆಗೆ ಹಾರ. ತಾರಿಗೆ ಬೈಗುಳ. ನಮಗೆ ಬಾಯಾರಿಕೆ. ಇದು ಯಾವ ಊರಿನ ಲೆಕ್ಕ?"

ಕಾಂತರಸ ತಾರಿ ಬಿಡಲು ಹೇಳಿಕಳಿಸಿ, ಬಂದರದ ಮುದ್ರೆಯುಂಗುರವನ್ನು ಅಧಿಕಾರಿಯ ಬೆರಳಿನಿಂದ ಬಿಚ್ಚಿಸಿ ಜಟ್ಟುವಿಗೆ ಕೊಟ್ಟ. ಇನ್ನೇನಾದರೂ ಬೇಕಾ ಎಂದೂ ಕೇಳಿದ.

"ಆ ಇಬ್ಬರ ತಲೆ ಬೇಕು."

ಅರಸನಿಗೆ ಹುಡುಗನ ಮೇಲೆ ಮೊದಲ ಬಾರಿ ಮೆಚ್ಚುಗೆ ಮೂಡಿತು. "ಕಡಿಸಿ ಕಳಿಸಲೋ, ಇಲ್ಲೇ ಕಡಿಸಲೋ?"

"ಅವು ಇರುವ ಕುತ್ತಿಗೆಯ ಮೇಲೇ ಇರಲಿ. ತಪ್ಪು ಉತ್ತರ ಹೇಳಿದ್ದಕ್ಕೆ ತಲೆ ಹೋಗೋದಾದರೆ ಒಡೆಯಾ, ತಪ್ಪು ಒಗಟು ಕಟ್ಟಿದ್ದಕ್ಕೆ?"

ಅರಸ ಪಕ್ಕದ ಕೋಣೆಯ ಬೀಗ ತೆಗೆಯಲು ಕೈಸನ್ನೆ ಮಾಡಿದ.

ಜಟ್ಟು ನೀರಿನ ಕೊಡಗಳ ನಡುವೆ ಕುಳಿತು ದಾಟಿ ಬಂದಾಗ ಇಡೀ ಉಪ್ಪಿನದಡ ದಂಡೆಯಲ್ಲಿ ನಿಂತಿತ್ತು. ಮೊದಲು ಮಕ್ಕಳು ಕುಡಿದರು. ಅವನ ತಾಯಿ ನಾಗಿ ತನ್ನ ಸರದಿ ಬಂದಾಗ ಚೆಂಬು ಎತ್ತಿ ಗಟಗಟನೆ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಮಗನ ಬೆರಳಿನ ಉಂಗುರ ಅವಳ ಕಣ್ಣಿಗೆ ಬಿತ್ತು. ಆಸ್ಥಾನದ ಕತೆಯನ್ನೆಲ್ಲ ಅವನು ಹೇಳಿ ಮುಗಿಸಿದ.

"ಅಲ್ಲ ಮಗಾ," ಎಂದಳು ಆಮೇಲೆ, "ಇಷ್ಟು ತಿಳಿಯೋಕೆ ಅವರಿಗೆ ಒಗಟು ಬೇಕಾಯ್ತಾ?"