ಅಪ್ಪಣೆಯಿಲ್ಲದ ಕೂಗು

ಕೆರೆಯೂ ಹುಲ್ಲುಗಾವಲೂ ಇದ್ದ ಒಂದು ಕಾಡಿನಲ್ಲಿ ಸಿಂಗವ್ವ ಎಂಬ ಮುಸುವ ಜಾತಿಯ ಕೋತಿ ಇದ್ದಳು. ಮೋರೆ ಕಪ್ಪು, ಬಾಲ ಉದ್ದ, ಗಂಟಲು ಮಾತ್ರ ಬಲು ದೊಡ್ಡದು. ಕೆರೆಯ ದಂಡೆಯ ಮತ್ತಿ ಮರದ ತುದಿಯಲ್ಲಿ ಕೂತು ಕಾವಲು ಕಾಯುವುದು ಅವಳ ಕೆಲಸ. ಕೆಳಗೆ ಜಿಂಕೆಗಳು ಮೇಯುತ್ತಿದ್ದವು. ದೂರದಲ್ಲಿ ಚಿರತೆ ಕಂಡರೆ ಸಿಂಗವ್ವ 'ಖೆಕ್ ಖೆಕ್' ಎಂದು ಕೂಗುತ್ತಿದ್ದಳು, ಜಿಂಕೆಗಳು ಕಾಲಿಗೆ ಬುದ್ಧಿ ಹೇಳುತ್ತಿದ್ದವು. ಹಾಗೆಯೇ ಮುಸುವಗಳು ನೆಲಕ್ಕಿಳಿದಾಗ ಚಿರತೆಯ ವಾಸನೆ ಬಂದರೆ ಜಿಂಕೆಗಳು ಗೊರಸು ಅಪ್ಪಳಿಸಿ ಸುಳಿವು ಕೊಡುತ್ತಿದ್ದವು. ಕಣ್ಣು ಇವರದು, ಮೂಗು ಅವರದು. ಮುತ್ತಜ್ಜಿಯರ ಕಾಲದಿಂದಲೂ ಇದು ಹೀಗೇ ನಡೆದು ಬಂದಿತ್ತು. ಇದಕ್ಕೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಆ ಕಾಡಿನ ದೊರೆ ಆನೆರಾಯ. ಒಳ್ಳೆಯವನೇ, ಆದರೆ ಊಟವಾದ ಮೇಲೆ ಅವನಿಗೆ ನಿದ್ದೆ ಬಿಟ್ಟು ಬೇರೇನೂ ಬೇಡ. ಅವನ ಮಂತ್ರಿ ನರಿ ಗುಳ್ಳಪ್ಪ. ಚಿರತೆ ತಿಂದು ಬಿಟ್ಟದ್ದನ್ನು ನೆಕ್ಕಿಕೊಂಡೇ ಈ ಮಂತ್ರಿಯ ಹೊಟ್ಟೆ ತುಂಬಬೇಕು. ಸಿಂಗವ್ವನ ಕೂಗಿನಿಂದ ಚಿರತೆಗೆ ಬೇಟೆ ತಪ್ಪಿದಾಗಲೆಲ್ಲ ಗುಳ್ಳಪ್ಪನಿಗೂ ಉಪವಾಸವೇ. ಒಂದು ದಿನ ಅವನು ಚಿರತೆಯ ಗವಿಗೆ ಹೋಗಿ, ಕಾಡಿನ ಬಾಯಿ ಮುಚ್ಚಿಸುವುದು ನನ್ನ ಜವಾಬ್ದಾರಿ, ನೀನು ಎಲುಬು ಬಿಟ್ಟರೆ ಸಾಕು ಎಂದು ಒಳಗೊಳಗೇ ಒಪ್ಪಂದ ಮಾಡಿಕೊಂಡ.

ಆಮೇಲೆ ಆನೆರಾಯನ ಅಗಲವಾದ ಕಿವಿಯ ಹತ್ತಿರ ಬಂದು ಊದಿದ. ಈ ಕೂಗಾಟದಿಂದ ದೊರೆಗಳ ನಿದ್ದೆ ಹಾಳಾಗುತ್ತಿದೆ, ಕಂಡ ಕಂಡವರೆಲ್ಲ ಗಂಟಲು ಹರಿದುಕೊಂಡರೆ ಅರಮನೆಯ ಮರ್ಯಾದೆ ಏನಾದೀತು ಎಂದು ಕಣ್ಣೊರೆಸಿಕೊಂಡ. ಆನೆರಾಯ ಅರ್ಧ ನಿದ್ದೆಯಲ್ಲೇ ತಲೆಯಾಡಿಸಿದ. ಮರುದಿನ ಆಜ್ಞೆ ಹೊರಟಿತು: ಮಂತ್ರಿಯ ಅಪ್ಪಣೆ ಇಲ್ಲದೆ ಯಾರೂ ಕೂಗಬಾರದು, ಕೂಗಿದವರು ಕಾಡು ಬಿಟ್ಟು ಹೋಗಬೇಕು.

ಸಿಂಗವ್ವನಿಗೆ ದಿಕ್ಕು ತೋಚಲಿಲ್ಲ. ಹುಟ್ಟಿದಾಗಿನಿಂದ ಅವಳು ಹಿರಿಯರ ಮಾತು ಮೀರಿದವಳಲ್ಲ. ಕಾಡು ಬಿಡುವುದೆಂದರೆ ಮಗಳು, ಎಳೆಯ ಮೊಮ್ಮಕ್ಕಳು, ತನ್ನ ಇಡೀ ಗುಂಪನ್ನೇ ಬಿಡುವುದು. ಆದರೂ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಗುಳ್ಳಪ್ಪನ ಬಿಲದ ಬಾಗಿಲಿಗೆ ಹೋಗಿ ಕೇಳಿಯೇಬಿಟ್ಟಳು.

"ಮಂತ್ರಿಗಳೇ, ನನಗೊಂದು ಅನುಮಾನ. ದೊರೆ ಹೇಳಿದ್ದು ಒಳ್ಳೇದು ಅಂತ ನಾವು ಕೇಳ್ತೀವೋ, ಇಲ್ಲ ದೊರೆ ಹೇಳಿದ್ರು ಅನ್ನೋದಕ್ಕೇ ಅದು ಒಳ್ಳೇದಾಗುತ್ತೋ?"

"ಯೋಚನೆ ಮಾಡೋಕೆ ನಾನಿದ್ದೀನಲ್ಲ," ಎಂದ ಗುಳ್ಳಪ್ಪ. "ಹೇಳಿದಂಗೆ ಕೇಳಿದ್ರೆ ನೀನು ಒಳ್ಳೆಯವಳು. ಅಷ್ಟೇ."

ಅಷ್ಟು ಸುಲಭವಾಗಿ ಒಳ್ಳೆಯವಳಾಗಬಹುದು ಎನ್ನುವುದು ಸಿಂಗವ್ವನಿಗೆ ಸಮಾಧಾನವನ್ನೇ ಕೊಟ್ಟಿತು ಎನ್ನಬೇಕು.

ಸ್ವಲ್ಪ ದಿನದಲ್ಲೇ ಪೊದೆಯ ಹಿಂದೆ ಚುಕ್ಕೆ ಚುಕ್ಕೆಯ ಬೆನ್ನೊಂದು ಅಲುಗಿತು. ಸಿಂಗವ್ವನಿಗೆ ಕೂಗು ಗಂಟಲವರೆಗೆ ಬಂತು. ಅದನ್ನು ನುಂಗಿಕೊಂಡು ಸರಸರನೆ ಮರ ಇಳಿದಳು. ಅಪ್ಪಣೆ ಕೇಳಲು ಮಂತ್ರಿಯ ಬಿಲಕ್ಕೆ ಓಡಿದಳು. ಗುಳ್ಳಪ್ಪ ಆರಾಮವಾಗಿ ಮೈ ಕೆರೆದುಕೊಳ್ಳುತ್ತ, ಎಲ್ಲಿ ಕಂಡಿತು, ಹೇಗಿತ್ತು, ನಿಜವಾಗಿ ಚಿರತೆಯೋ ಬರೀ ನೆರಳೋ ಎಂದು ವಿಚಾರಿಸತೊಡಗಿದ. ಅವನ ವಿಚಾರಣೆ ಮುಗಿಯುವುದರೊಳಗೆ ಅತ್ತ ಹುಲ್ಲುಗಾವಲಲ್ಲಿ ಚೀತ್ಕಾರ ಎದ್ದಿತು.

ಚುಕ್ಕಮ್ಮ ಎಂಬ ತಾಯಿಜಿಂಕೆಯ ಮರಿ ಚಿರತೆಯ ಬಾಯಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಒಂದು ಕಿವಿ ಹರಿದು ರಕ್ತ ಸೋರುತ್ತಿತ್ತು. ಸಿಂಗವ್ವ ಓಡಿ ಬಂದಾಗ ಚುಕ್ಕಮ್ಮ ಬೈಯಲಿಲ್ಲ. ಮರಿಯ ಕಿವಿ ನೆಕ್ಕುತ್ತಲೇ ಕೇಳಿದಳು.

"ಸಿಂಗವ್ವಾ, ನಿನ್ನ ಕಣ್ಣಿಗೆ ಬೀಳ್ಲಿಲ್ವೇನೇ?"

ಸಿಂಗವ್ವನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದಳು, ಮಂತ್ರಿಯ ಲೆಕ್ಕದಲ್ಲಿ ಒಳ್ಳೆಯವಳೇ ಆಗಿದ್ದಳು. ಚುಕ್ಕಮ್ಮನ ಮುಖ ನೋಡುವ ಧೈರ್ಯ ಮಾತ್ರ ಇರಲಿಲ್ಲ.

ಚಿರತೆ ಮತ್ತೆ ಬಂದಾಗ ಅವಳು ಮರ ಇಳಿಯಲಿಲ್ಲ. ಕೆರೆಯ ಆಚೆ ದಡಕ್ಕೂ ಕೇಳುವಂತೆ ಕೂಗಿದಳು. ಜಿಂಕೆಗಳೆಲ್ಲ ಉಳಿದವು. ಚಿರತೆ ಹಸಿದ ಹೊಟ್ಟೆಯಲ್ಲಿ ಹಲ್ಲು ಕಡಿಯುತ್ತ ಹೋಯಿತು. ಗುಳ್ಳಪ್ಪ ಆ ಕ್ಷಣವೇ ದೂರು ಕೊಟ್ಟ.

ಕೆರೆಯ ದಂಡೆಯಲ್ಲಿ ಸಭೆ ಸೇರಿತು. ಜೊಂಡುಹುಲ್ಲಿಗೆ ಬೆನ್ನು ಹಾಕಿ ನಿಂತು ಗುಳ್ಳಪ್ಪ ಉದ್ದಕ್ಕೂ ಭಾಷಣ ಬಿಗಿದ. ವಿಧೇಯತೆಯೇ ಧರ್ಮ, ಆಜ್ಞೆ ಮೀರಿದವಳನ್ನು ಈ ಹೊತ್ತೇ ಅಟ್ಟಬೇಕು ಎಂದ. ಆನೆರಾಯ ಸಿಂಗವ್ವನ ಕಡೆ ತಿರುಗಿ, ಹೌದೇನು ಎಂದು ಕೇಳಿದ.

"ಹೌದು ದೊರೆ, ಮೀರಿದ್ದು ನಿಜ. ಶಿಕ್ಷೆ ಕೊಡಿ, ಹೋಗ್ತೀನಿ. ಆದ್ರೆ ಹೋಗೋ ದಾರೀಲಿ ಚಿರತೆ ಕಂಡ್ರೆ ಅಲ್ಲೂ ಕೂಗ್ತೀನಿ."

ಗುಳ್ಳಪ್ಪ ಮತ್ತೆ ಭಾಷಣಕ್ಕೆ ತೊಡಗಿದ. ಅಷ್ಟರಲ್ಲಿ ಅವನ ಬೆನ್ನ ಹಿಂದಿನ ಜೊಂಡು ಮೆಲ್ಲಗೆ ಬಾಗಿತು. ಬಂಡೆಯ ಮೇಲೆ ನಿಂತಿದ್ದ ಸಿಂಗವ್ವನಿಗೆ ಮಾತ್ರ ಅದು ಕಂಡಿತು. ಒಳಗೆ ಚಿರತೆ ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುತ್ತಿತ್ತು. ಅದರ ಕಣ್ಣು ಇದ್ದದ್ದು ಮಂತ್ರಿಯ ಮೇಲೆಯೇ.

"ಮಂತ್ರಿಗಳೇ," ಎಂದಳು ಸಿಂಗವ್ವ, "ಒಂದು ಕೂಗಿಗೆ ಅಪ್ಪಣೆ ಬೇಕಿತ್ತು."

"ಕೊಡೋದಿಲ್ಲ. ಬಾಯಿ ಮುಚ್ಕೊಂಡು ನಿಂತ್ಕೋ."

ಸುಮ್ಮನಿದ್ದರೆ ಆಯಿತು. ಆಜ್ಞೆಯನ್ನೂ ಪಾಲಿಸಿದಂತಾಗುತ್ತದೆ, ಪೀಡೆಯೂ ತೊಲಗುತ್ತದೆ. ನಾಳೆ ಯಾರೂ ಅವಳತ್ತ ಬೆರಳು ತೋರಿಸುವಂತಿಲ್ಲ. ಆದರೆ ಚುಕ್ಕಮ್ಮನ ಮರಿಗೊಂದು ನ್ಯಾಯ, ನರಿಗೊಂದು ನ್ಯಾಯ ಎನ್ನಲು ಅವಳ ಮನಸ್ಸು ಒಪ್ಪಲಿಲ್ಲ. ಹಲ್ಲೆಲ್ಲ ಕಾಣುವಂತೆ ಬಾಯಿ ತೆರೆದು 'ಖೆಕ್ ಖೆಕ್' ಎಂದು ಕಿರುಚಿದಳು.

ಗುಳ್ಳಪ್ಪ ಭಾಷಣವನ್ನು ಅರ್ಧಕ್ಕೇ ಬಿಟ್ಟು ಕೆಸರಿಗೆ ಹಾರಿದ. ಚಿರತೆಯ ಪಂಜಕ್ಕೆ ಸಿಕ್ಕಿದ್ದು ಅವನ ಬಾಲದ ಒಂದು ಹಿಡಿ ಕೂದಲು.

"ಕಾಡು ಸುಮ್ನಿರುತ್ತೆ ಅಂತ ಮಾತು ಕೊಟ್ಟು ನನ್ನ ಉಪವಾಸ ಕೆಡವಿದವನು ನೀನಲ್ವಾ?" ಎಂದು ಚಿರತೆ ಗುರುಗುಟ್ಟಿತು. "ಜಿಂಕೆ ಇಲ್ದಿದ್ರೆ ಹೋಗ್ಲಿ, ನೀನೇ ಆಗ್ತೀಯ."

ಆನೆರಾಯ ಎದ್ದು ಘೀಳಿಟ್ಟ. ಮಂತ್ರಿಯ ಅಪ್ಪಣೆ ಕೇಳುವುದು ಅವನಿಗೂ ಮರೆತುಹೋಗಿತ್ತು. ಚಿರತೆ ಜೊಂಡಿನೊಳಗೆ ನುಗ್ಗಿ ಮಾಯವಾಯಿತು. ಇಷ್ಟು ದಿನ ಯಾರ ಹಿತಕ್ಕೆ ಕಾಡು ಬಾಯಿ ಮುಚ್ಚಿಕೊಂಡಿತ್ತು ಎಂಬುದು ಎಲ್ಲರಿಗೂ ಗೊತ್ತಾಯಿತು.

ಕೆಸರು ಮೆತ್ತಿಕೊಂಡು ಮೇಲೆ ಬಂದ ಮಂತ್ರಿಯನ್ನು ಆನೆರಾಯ ಹತ್ತಿರ ಕರೆದ.

"ಗುಳ್ಳಪ್ಪ, ಸಿಂಗವ್ವ ಈಗ ಕೂಗಿದ್ದು ಸರಿಯೋ ತಪ್ಪೋ? ತಪ್ಪು ಅನ್ನೋದಾದ್ರೆ ಆ ಕೂಗನ್ನ ವಾಪಸು ತಗೊಳ್ಳೋಣ. ನೀನು ಮೊದಲು ನಿಂತಿದ್ದ ಜಾಗಕ್ಕೇ ಹೋಗಿ ನಿಂತ್ಕೋ. ಚಿರತೆ ಇನ್ನೂ ದೂರ ಹೋಗಿಲ್ಲ."

ಗುಳ್ಳಪ್ಪ ಇಂಗು ತಿಂದ ಮಂಗನಂತಾದ ಎಂದು ಹೇಳಬಹುದಿತ್ತು, ಸಿಂಗವ್ವನ ಕುಲಕ್ಕೆ ಬೇಜಾರಾದೀತು ಎಂದು ಬಿಟ್ಟಿದ್ದೇನೆ. ಅವನು ಜೊಂಡಿನ ಕಡೆ ನೋಡಿದ, ದೊರೆಯ ಕಡೆ ನೋಡಿದ. ಕೊನೆಗೆ, ಸರಿ ಎಂದು ಗೊಣಗಿದ.

"ಅದು ಸರಿ ಅಂದ್ರೆ, ತಪ್ಪಾಗಿದ್ದು ನನ್ನ ಆಜ್ಞೆ," ಎಂದ ಆನೆರಾಯ. ಅವನ ದೊಡ್ಡ ಮುಖ ಸಣ್ಣದಾಗಿತ್ತು. ಆ ಆಜ್ಞೆ ಅಲ್ಲಿಗೇ ರದ್ದಾಯಿತು. ಗುಳ್ಳಪ್ಪನ ಮಂತ್ರಿಗಿರಿಯೂ ಅಲ್ಲಿಗೇ ಮುಗಿಯಿತು. ಅವನು ಕಾಡು ಬಿಟ್ಟು ಹೋದ. ಹೋಗುವಾಗ ಮಾತ್ರ ಹೆಜ್ಜೆಗೊಮ್ಮೆ ಹಿಂದಕ್ಕೆ ನೋಡಿಕೊಂಡೇ ಹೋದ.

ಸಭೆ ಚದುರುವಾಗ ಆನೆರಾಯ ಸಿಂಗವ್ವನಿಗೆ, ಇನ್ನು ಮುಂದೆ ನನ್ನ ನಿದ್ದೆ ಕೆಟ್ಟರೂ ಚಿಂತೆಯಿಲ್ಲ, ಕೂಗು ಎಂದ.

"ಇದು ಆಜ್ಞೆಯೋ ದೊರೆ?" ಎಂದು ಸಿಂಗವ್ವ ಕೇಳಿದಳು.

ಆನೆರಾಯ ಹೊಟ್ಟೆ ಕುಲುಕುವಂತೆ ನಕ್ಕ.

"ಅಲ್ಲ ಕಣವ್ವ. ನಾನು ಬೇಡ ಅಂದ್ರೂ ನೀನು ಕೂಗೋಳೇ ಅಲ್ವಾ. ಅದಕ್ಕೇ ಇನ್ಮೇಲೆ ನಾನು ನಿಶ್ಚಿಂತೆಯಿಂದ ಮಲಗ್ತೀನಿ."

ನೀತಿ: ಹಿರಿಯರ ಮಾತು ಕೇಳುವುದು ಒಳ್ಳೆಯ ಗುಣ. ಆದರೆ ಒಂದು ಜೀವ ಅಪಾಯದಲ್ಲಿರುವಾಗ ಸುಮ್ಮನಿರು ಎನ್ನುವ ಆಜ್ಞೆ ಯಾರದೇ ಆಗಿರಲಿ, ಅದನ್ನು ಪಾಲಿಸುವುದು ಒಳ್ಳೆಯತನವಲ್ಲ.