ಸಾಲಾವಳಿ ದಿಬ್ಬ

ಹಿರೇಗೊಂದಿಯಿಂದ ಪಡುವಣಕ್ಕೆ ಹೊರಟ ದಾರಿ ಹಳ್ಳ ದಾಟಿದ ಮೇಲೆ ಒಂದು ಬೋಳು ದಿಬ್ಬವನ್ನು ಬಳಸಿ ಸಾಗುತ್ತದೆ. ನೆತ್ತಿಯ ಮೇಲೆ ಚಪ್ಪಡಿಕಲ್ಲಿನ ಪುಟ್ಟ ಗುಡಿ, ಒಳಗೆ ಕಣ್ಣುಮೂಗಿಲ್ಲದ ಒಂದು ಕಲ್ಲು. ಮದುವೆ ಗೊತ್ತುಮಾಡುವ ಮುನ್ನ ಸುತ್ತಲಿನವರು ಗಂಡುಹೆಣ್ಣಿನ ಜಾತಕಗಳನ್ನು ತಂದು ಆ ಕಲ್ಲಿನ ಮುಂದಿಟ್ಟು ಅರಿಸಿನ ಏರಿಸುತ್ತಾರೆ. ಜಾತಕ ಕೂಡಿಬರುವುದಕ್ಕೆ ಸಾಲಾವಳಿ ಎನ್ನುತ್ತಾರಲ್ಲ, ಅದಕ್ಕೇ ಇದು ಸಾಲಾವಳಿ ದಿಬ್ಬ ಎಂದು ಪೂಜಾರಿ ಹೊಸಬರಿಗೆ ಹೇಳುತ್ತಾನೆ. ನಮ್ಮ ಹಿರಿಯರು ಹೇಳಿದ್ದು ಬೇರೆ, ಮೂರು ಮನೆಗಳಲ್ಲಿ ವಿಚಾರಿಸಿ ತಾಳೆ ನೋಡಿಯೇ ಬರೆಯುತ್ತಿದ್ದೇನೆ. ಹೆಸರು ಮೊದಲು ಬಂತು, ಜಾತಕಗಳು ಆಮೇಲೆ ಬಂದವು. ಆ ಹೆಸರು ಗಾಜಿನದು.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ದಿಬ್ಬದ ಮೇಲೆ ಬೊಮ್ಮಕ್ಕ ಎಂಬ ಮಣಿಗಾರ್ತಿ ಇದ್ದಳು ಎನ್ನುತ್ತಾರೆ. ದೀಪದ ಉರಿಗೆ ಕೊಳವೆಯಿಂದ ಗಾಳಿ ಊದಿ, ಗಾಜಿನ ಕಡ್ಡಿ ಕರಗಿಸಿ, ಮಣ್ಣು ಬಳಿದ ತಂತಿಗೆ ಸುತ್ತಿ, ಕುಲುಮೆಯ ಬಿಸಿ ಬೂದಿಯಲ್ಲಿ ಹೂತು ಆರಿಸಿದರೆ ಮಣಿ. ಅವಳ ಕರಿಮಣಿ ಇಲ್ಲದೆ ಈ ಸೀಮೆಯಲ್ಲಿ ತಾಳಿ ಪೋಣಿಸುತ್ತಿರಲಿಲ್ಲ. ಎರಡು ಬಣ್ಣ ಕೂಡಿಸುವಾಗ ಮಾತ್ರ ಅವಳದೊಂದು ಪರೀಕ್ಷೆ ಇತ್ತು. ಎರಡೂ ಕಡ್ಡಿಯ ತುದಿ ಕರಗಿಸಿ ಒಂದಕ್ಕೊಂದು ಅಂಟಿಸಿ, ಜೋಡಿಯಾಗಿಯೇ ತೆಳ್ಳಗೆ ಎಳೆಯುವಳು. ಆರಿದ ಎಳೆ ನೆಟ್ಟಗೆ ನಿಂತರೆ ಆ ಗಾಜುಗಳು ಹೊಂದುತ್ತವೆ. ಬಾಗಿದರೆ ಹೊಂದುವುದಿಲ್ಲ, ಅವುಗಳ ಮಣಿ ಇಂದಲ್ಲ ನಾಳೆ ಸೀಳುತ್ತದೆ. ಇದಕ್ಕೆ ಮಣಿಗಾರರು ಸಾಲಾವಳಿ ನೋಡುವುದು ಎನ್ನುತ್ತಿದ್ದರು. ದಿಬ್ಬಕ್ಕೂ ಅದೇ ಹೆಸರು ಬಿತ್ತು.

ಪಾಳೆಯಗಾರನ ಮಗಳು ಚಿನ್ನಾಜಿಗೆ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಕರಾವಳಿಯ ಬಂದರಿನಿಂದ ತರಿಸಿದ ಕೆಂಪು ಗಾಜನ್ನು ಉಡುಗೊರೆ ಕಳಿಸಿದರು. ನಮ್ಮ ದಿಬ್ಬದ ಕಪ್ಪಿಗೆ ಬೀಗರ ಕೆಂಪು ಬೆಸೆದು ಮಗಳ ಕೊರಳಿಗೆ ಹಾಕಬೇಕೆಂದು ಅವಳ ತಾಯಿ, ಪಾಳೆಯಗಾರನ ಹೆಂಡತಿ ನಾಗತಿ, ಆಸೆಪಟ್ಟಳು. ಬೊಮ್ಮಕ್ಕ ಎಳೆ ಎಳೆದು ನೋಡಿದಳು. ಅದು ಕುಡುಗೋಲಿನಂತೆ ಬಾಗಿತು. ಅದನ್ನೇ ಹಿಡಿದುಕೊಂಡು, ಚಪ್ಪರದಡಿ ಹೆಂಗಸರೆಲ್ಲ ಸೇರಿದ್ದಾಗ ಅರಮನೆಗೆ ಹೋಗಿ ನಾಗತಿಯ ಮುಂದೆ ನಿಂತಳು.

"ಬೀಗರ ಕೆಂಪು ಚೆಲುವಾಗೇ ಐತೆ, ತಾಯಿ. ಆದ್ರೆ ಸಾಲಾವಳಿ ಕೂಡಲಿಲ್ಲ."

"ಮದುವೆ ಮನೇಲಿ ಆಡೋ ಮಾತೇನೇ ಇದು!"

"ಗಾಜಿನ ಮಾತು, ತಾಯಿ. ಉರೀಲಿ ಎಲ್ಲಾವೂ ಕೂಡ್ತವೆ. ಆರೋವಾಗಲೇ ಯಾರ ಗುಣ ಏನು ಅಂತ ತಿಳಿಯೋದು."

"ಅಂದ್ರೆ ಮದುವೆ ಆದ್ಮೇಲೆ ಅನ್ನು!" ಎಂದಳು ಒಬ್ಬ ಮುದುಕಿ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾಗತಿ ನಗಲಿಲ್ಲ. ಮುಹೂರ್ತಕ್ಕೆ ಮಣಿ ಬರದಿದ್ದರೆ ದಿಬ್ಬ ಬಿಡಬೇಕೆಂದು ಅಪ್ಪಣೆಯಾಯಿತು. ಬೊಮ್ಮಕ್ಕ ಮಾಡಿಕೊಟ್ಟಳು. ವಾಡಿಕೆಗಿಂತ ಹೆಚ್ಚು ಹೊತ್ತು ಬೂದಿಯಲ್ಲಿಟ್ಟಳು, ಅದೊಂದೇ ಅವಳ ಕೈಯಲ್ಲಿದ್ದದ್ದು. ಧಾರೆಯಲ್ಲಿ ಮಣಿಗಳು ಬೆಳಗಿದವು. ಬೀಗರನ್ನು ಬೀಳ್ಕೊಡುವ ದಿನ ಚಿನ್ನಾಜಿಯ ಕೊರಳಲ್ಲೇ ಚಟಚಟನೆ ಸೀಳಿ, ಮಡಿಲಿಗೆ ಉದುರಿದವು.

ಬೊಮ್ಮಕ್ಕನ ಬಾಯಿಂದ ಶಾಪ ಬಂದಿದ್ದಕ್ಕೇ ಮಣಿ ಒಡೆಯಿತು ಎಂದರು. ಪಾಳೆಯಗಾರನ ಆಳುಗಳು ಅವಳ ಕುಲುಮೆ ಕೆಡವಿದರು, ಗಾಜನ್ನೆಲ್ಲ ಇಳಿಜಾರಿಗೆ ಸುರಿದರು. "ಗಾಜಿಗೆ ಹೇಳಿದ್ದನ್ನ ನಿಮ್ಮ ಮನೆಗೆ ಯಾಕೆ ತಗಂಡ್ರಿ?" ಎಂದು ಕೇಳಿ ಬೊಮ್ಮಕ್ಕ ಹಳ್ಳ ದಾಟಿದಳಂತೆ. ಎಲ್ಲಿಗೆ ಹೋದಳೆಂದು ಯಾರೂ ಹೇಳುವುದಿಲ್ಲ. ಆ ಮದುವೆಯಂತೂ ಮುರಿಯಲಿಲ್ಲ. ಚಿನ್ನಾಜಿ ಮಕ್ಕಳು ಮೊಮ್ಮಕ್ಕಳನ್ನು ಕಂಡು ಬಾಳಿದಳು. ಮಣಿಗಾರ್ತಿಯನ್ನು ಓಡಿಸಿದ್ದರಿಂದಲೇ ದೋಷ ಕಳೆಯಿತೆಂದು ಊರು ನಂಬಿತು, ಕುಲುಮೆಯ ಅಡಿಗಲ್ಲನ್ನೇ ನಿಲ್ಲಿಸಿ ಗುಡಿ ಕಟ್ಟಿತು.

ಈಗಲೂ ಮಳೆ ಬಿದ್ದ ಮರುದಿನ ಇಳಿಜಾರಿನಲ್ಲಿ ಗಾಜಿನ ಚೂರುಗಳು ಮೇಲೇಳುತ್ತವೆ. ಕಪ್ಪು ಕಪ್ಪಾಗಿಯೇ, ಕೆಂಪು ಕೆಂಪಾಗಿಯೇ ಹೊಳೆಯುತ್ತವೆ. ಶಾಪದ ಗಾಜೆಂದು ಯಾರೂ ಮುಟ್ಟುವುದಿಲ್ಲ. ಗುಡಿಯ ಬಾಗಿಲಲ್ಲಿ ಪೂಜಾರಿಯ ಮನೆಯವರು ಹೊಸ ಜೋಡಿಗಳಿಗೆ ಕರಿಮಣಿ ಮಾರುತ್ತಾರೆ. ಪ್ಲಾಸ್ಟಿಕ್ಕಿನವು. ಒಡೆಯುವುದಿಲ್ಲ.