ಭರಮಪ್ಪನ ಉಸಿರು

“ಗುರುಗಳೇ, ನನ್ನ ಜೊತೆ ಹಾಡುವ ಸೋಮಣ್ಣನ ದನಿ ಬಲು ಸಣ್ಣದು. ಅವನನ್ನು ಬಿಟ್ಟು ನಾನೊಬ್ಬನೇ ಹಾಡಲೇ?” ಎಂದು ದಾನಯ್ಯ ಕೇಳಿದ.

ಗುರು ಕತೆ ತೆಗೆದರು.

ಭರಮಪ್ಪ, ಲಗಮವ್ವ ಎಂಬ ಗಂಡಹೆಂಡತಿ ಇದ್ದರು. ಮದುವೆಯಾದ ವರ್ಷದಿಂದ ತಲೆ ನೆರೆಯುವ ತನಕ ಊರೂರು ತಿರುಗಿ ಭಜನೆಪದ ಹಾಡಿದವರು. ಅವನ ಕೈಯಲ್ಲಿ ಏಕತಾರಿ, ಅವಳ ಕೈಯಲ್ಲಿ ತಾಳ. ಅವರು ಹಾಡಿದರೆ ಸಂತೆಯ ಎಮ್ಮೆಗಳು ಮೆಲುಕು ಹಾಕುವುದನ್ನೇ ಮರೆಯುತ್ತಿದ್ದವು. ಸುಳ್ಳೆನ್ನುವವರು ಎಮ್ಮೆಗಳನ್ನು ಕೇಳಲಿ. ನಾನಂತೂ ಕೇಳಿದ್ದೇನೆ, ಅವು ಇಲ್ಲವೆನ್ನಲಿಲ್ಲ.

ಜನ ಕೊಂಡಾಡುತ್ತಿದ್ದದ್ದು ಭರಮಪ್ಪನ ಉಸಿರನ್ನು. ಕಮ್ಮಾರನ ತಿದಿಯಾದರೂ ದಣಿದೀತು, ಇವನು ದಣಿಯ ಎನ್ನುತ್ತಿದ್ದರು. ಅವನೂ ಅದನ್ನು ನಂಬಿದ್ದ.

ಒಂದು ವರ್ಷ ಲಗಮವ್ವನಿಗೆ ಜ್ವರ ಬಂದು ದನಿ ಹೋಯಿತು. ಅದೇ ವಾರ ಅವರು ಪ್ರತಿವರ್ಷ ಹಾಡುತ್ತಿದ್ದ ಮಠದ ಪೂಜೆ. ಅಲ್ಲಿ ಪದ ಎತ್ತಿದರೆ ಮಂಗಳದವರೆಗೆ ಹಾಡು ನಿಲ್ಲಬಾರದು. ನಿಂತರೆ ಮರುವರ್ಷದಿಂದ ಆ ಸೇವೆ ಬೇರೆಯವರಿಗೆ.

“ನೀ ಮನಿಯಾಗ ಮಲಕೊ. ನಾ ಒಬ್ಬಾಂವ ಸಾಕು,” ಎಂದ ಭರಮಪ್ಪ. ಲಗಮವ್ವ ತಾಳ ತೆಗೆದುಕೊಂಡು ಅವನ ಹಿಂದೆ ನಡೆದಳು.

“ದೀಪ ಹಚ್ಚಿದೆನೆಂಬೆ ಮನುಜಾ” ಎಂದು ಅವನು ಎತ್ತಿದ. ಮುಂದಿನ ಸಾಲು ಮೊದಲಿನಿಂದಲೂ ಅವಳ ಪಾಲು. ಅದನ್ನೂ ಅವನೇ ಹಾಡಿದ, “ಎಣ್ಣೆ ಎರೆದವರ್ಯಾರೋ.” ಎರಡನೆಯ ನುಡಿಗೆ ಎದೆ ಹಿಡಿಯಿತು. ಮೂರನೆಯ ನುಡಿಯಲ್ಲಿ ಅವಳ ಸಾಲು ಬರುವ ಹೊತ್ತಿಗೆ ಉಸಿರೇ ಉಳಿಯಲಿಲ್ಲ. ಇಷ್ಟು ವರ್ಷ ಅವಳು ಹಾಡುವಾಗಲೇ ತಾನು ಉಸಿರೆಳೆದುಕೊಳ್ಳುತ್ತಿದ್ದುದು ಅವನಿಗೆ ಆಗ ತಿಳಿಯಿತು. ಬಾಯಿ ತೆರೆದು ನಿಂತ.

ಲಗಮವ್ವ ತಾಳ ಬಡಿದು ತುಟಿ ಆಡಿಸಿದಳು. ದನಿ ಹೊರಡಲಿಲ್ಲ. ಆದರೆ ಆ ಪದ ಕೇಳುತ್ತಲೇ ಬೆಳೆದ ಜನ ಅಲ್ಲಿ ಕೂತಿತ್ತು. ಅವಳ ತುಟಿ ನೋಡಿ ಇಡೀ ಅಂಗಳ ಅವಳ ಸಾಲು ಹಾಡಿತು. ಭರಮಪ್ಪ ಉಸಿರೆಳೆದುಕೊಂಡ. ಮಠದ ಗೋಡೆ ಝುಮ್ಮೆಂದಿತು ಎಂದರೆ ನೀನು ಅದನ್ನೂ ನನ್ನ ಎಮ್ಮೆಗಳ ಜೊತೆ ಕಟ್ಟಿಹಾಕುತ್ತೀಯ. ಆದರೆ ಆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದವನು ನಾನು. ಮಂಗಳದವರೆಗೆ ಅವಳು ತುಟಿ ಆಡಿಸಿದಳು, ಊರು ಹಾಡಿತು.

ಪದ ಮುಗಿದ ಮೇಲೆ, ಹೊರಗೆ ನಿಂತು ಕೇಳಿದ್ದ ಒಬ್ಬ ವ್ಯಾಪಾರಿ ಬಂದು ಕೈಮುಗಿದ. “ಏನ್ ಉಸುರು ಅಜ್ಜಾ ನಿಮ್ಮದು.”

“ನಂದಲ್ಲಪಾ, ಆಕೀದು,” ಎಂದು ಭರಮಪ್ಪ ಏಕತಾರಿಯನ್ನು ಹೆಂಡತಿಯ ಮಡಿಲಲ್ಲಿಟ್ಟ.

ಕತೆ ಮುಗಿಸಿ ಗುರು ಶಿಷ್ಯನ ಮುಖ ನೋಡಿದರು.

“ನೀನು ಉಸಿರೆಳೆದುಕೊಳ್ಳುವಾಗ ಹಾಡುವವರು ಯಾರು, ದಾನಯ್ಯ?”